ದುಬಾರಿ ಊರಿನ ಬಿಟ್ಟಿ ಬಾಗಿಲುಗಳು

ಬ್ರಿಟಿಷ್ ಮ್ಯೂಸಿಯಂ ಒಳಗೆ ಹೋಗಲು ಟಿಕೆಟ್ ದುಡ್ಡಿಲ್ಲ. 1759ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಈ ಸಂಗ್ರಹಾಲಯದಲ್ಲಿ ಈಜಿಪ್ಟಿನ ಮಮ್ಮಿಗಳು, ರೊಸೆಟ್ಟಾ ಶಿಲೆ, ಅಮರಾವತಿ ಸ್ತೂಪದ ಕೆತ್ತನೆಗಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿದರೂ ಒಂದು ಪೈಸೆ ಕೇಳುವವರಿಲ್ಲ. ಹೊರಗೆ ಬಂದು ಒಂದು ಕಪ್ ಕಾಫಿ ಕುಡಿಯಿರಿ, ನಮ್ಮ ಲೆಕ್ಕದಲ್ಲಿ ನಾನೂರು ರೂಪಾಯಿ ಹೋಯಿತು. ಲಂಡನ್ನಿನ ಸ್ವಭಾವ ಇಷ್ಟರಲ್ಲೇ ಅರ್ಥವಾಗುತ್ತದೆ. ಅಲ್ಲಿ ನೋಡುವುದು ಬಹುಪಾಲು ಬಿಟ್ಟಿ, ಉಳಿಯುವುದು ಮತ್ತು ಉಣ್ಣುವುದು ದುಬಾರಿ.

ಮಗಳು ಅಲ್ಲಿ ಎಂಎಸ್ಸಿ ಓದುತ್ತಿದ್ದಾಳೆ, ಭಾವಮೈದುನನಿಗೆ ಅಲ್ಲಿ ಕೆಲಸ ಸಿಕ್ಕಿದೆ, ಮಗ ಹ್ಯಾರಿ ಪಾಟರ್ ಓದಿ ಮುಗಿಸಿ ಹಟ ಹಿಡಿದಿದ್ದಾನೆ. ಕಾರಣ ಏನೇ ಇರಲಿ, ಲಂಡನ್ನಿಗೆ ಹೋಗಿಬರುವ ಮಾತು ಈಗ ಕರ್ನಾಟಕದ ಎಷ್ಟೋ ಮಧ್ಯಮ ವರ್ಗದ ಮನೆಗಳ ಊಟದ ಹೊತ್ತಿನಲ್ಲಿ ಬರುತ್ತದೆ. ಬಂದಷ್ಟೇ ಬೇಗ 'ಅಷ್ಟು ದುಡ್ಡೆಲ್ಲಿ' ಎಂಬಲ್ಲಿಗೆ ನಿಂತೂ ಹೋಗುತ್ತದೆ. ಅಥವಾ ಟ್ರಾವೆಲ್ ಏಜೆಂಟ್ ಕೊಟ್ಟ ಪ್ಯಾಕೇಜಿಗೆ ಸಹಿ ಹಾಕಿ, ಹತ್ತು ದಿನದಲ್ಲಿ ಐದು ದೇಶ ಸುತ್ತಿ, ಬಸ್ಸಿನ ಕಿಟಕಿಯಲ್ಲಿ ಲಂಡನ್ ನೋಡಿ ಬರುವುದಾಗುತ್ತದೆ. ಇವೆರಡರ ನಡುವೆ ಇನ್ನೊಂದು ದಾರಿಯಿದೆ. ಒಂದೇ ಊರು, ಏಳು ರಾತ್ರಿ, ತಾವೇ ಕೂತು ಮಾಡಿದ ಯೋಜನೆ.

ಈ ಯೋಜನೆಗೆ ಕೂರುವ ಮೊದಲು ಒಂದು ಮಾತು ತಿಳಿದಿರಬೇಕು. ಲಂಡನ್ ಪ್ರವಾಸದ ಖರ್ಚು ಲಂಡನ್ನಿನ ಬೀದಿಗಿಂತ ಹೆಚ್ಚಾಗಿ ನಮ್ಮ ಮನೆಯಲ್ಲೇ ತೀರ್ಮಾನವಾಗುತ್ತದೆ. ಯಾವ ವಾರ ಹೋಗುತ್ತೇವೆ, ಯಾವ ವಿಮಾನ ಹಿಡಿಯುತ್ತೇವೆ, ಯಾವ ಬಡಾವಣೆಯಲ್ಲಿ ಕೋಣೆ ಹಿಡಿಯುತ್ತೇವೆ ಎಂಬ ಮೂರು ತೀರ್ಮಾನಗಳೇ ಬಹುಪಾಲು ದುಡ್ಡನ್ನು ನುಂಗುತ್ತವೆ ಅಥವಾ ಉಳಿಸುತ್ತವೆ. ಅಲ್ಲಿಗೆ ಹೋದಮೇಲೆ ಮಗುವಿಗೆ ಐಸ್‌ಕ್ರೀಂ ಬೇಡವೆಂದು ಉಳಿಸುವುದು ಚಿಲ್ಲರೆ ಕಾಸು.

ನಮಗೆ ರಜೆ, ಅವರಿಗೆ ಶಾಲೆ

ಲಂಡನ್ನಿನ ಹೋಟೆಲ್ ದರ ಏರುವುದು ಅಲ್ಲಿನ ಮಕ್ಕಳಿಗೆ ರಜೆ ಬಂದಾಗ. ಈಸ್ಟರ್ ಆಸುಪಾಸಿನ ಎರಡು ವಾರ, ಮೇ ತಿಂಗಳ ಕೊನೆಯ ಒಂದು ವಾರ, ಜುಲೈ ಕೊನೆಯಿಂದ ಇಡೀ ಆಗಸ್ಟ್, ಅಕ್ಟೋಬರ್ ಕೊನೆಯ ವಾರ, ಆಮೇಲೆ ಕ್ರಿಸ್‌ಮಸ್. ಈ ಪಟ್ಟಿಯನ್ನು ನಮ್ಮ ಶಾಲೆಗಳ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಈಸ್ಟರ್ ರಜೆ ಮುಗಿದ ಮೇಲೆ, ಮೇ ಮೂರನೇ ವಾರದೊಳಗೆ ಒಂದು ಕಿಂಡಿ ಕಾಣುತ್ತದೆ. ಆಗ ನಮ್ಮ ಮಕ್ಕಳಿಗೆ ಬೇಸಿಗೆ ರಜೆ, ಅಲ್ಲಿನ ಮಕ್ಕಳು ತರಗತಿಯಲ್ಲಿ. ಕೋಣೆಗಳ ಬೆಲೆ ಹಿಡಿತದಲ್ಲಿರುತ್ತದೆ, ಮ್ಯೂಸಿಯಂ ಮುಂದಿನ ಸಾಲೂ ಚಿಕ್ಕದಿರುತ್ತದೆ.

ಈಸ್ಟರ್ ಕೆಲವು ವರ್ಷ ಮಾರ್ಚ್ ಕೊನೆಗೆ, ಕೆಲವು ವರ್ಷ ಏಪ್ರಿಲ್ ನಡುವಿಗೆ ಬರುವುದರಿಂದ ಆ ವರ್ಷದ ದಿನಾಂಕ ನೋಡಿಯೇ ಮುಂದುವರಿಯಿರಿ. ಏಪ್ರಿಲ್ ಕೊನೆಯ ಭಾಗದ ಒಂದು ಭಾನುವಾರ ಲಂಡನ್ ಮ್ಯಾರಥಾನ್ ನಡೆಯುತ್ತದೆ. ಆ ವಾರಾಂತ್ಯವನ್ನೂ ತಪ್ಪಿಸುವುದು ಲೇಸು.

ಮೇ ತಿಂಗಳಿಗೆ ಇನ್ನೊಂದು ಲಾಭವಿದೆ. ಸೂರ್ಯ ಬೆಳಿಗ್ಗೆ ಐದಕ್ಕೇ ಹುಟ್ಟಿ ರಾತ್ರಿ ಎಂಟೂಮುಕ್ಕಾಲರವರೆಗೆ ಮುಳುಗುವುದಿಲ್ಲ. ಮ್ಯೂಸಿಯಂಗಳು ಐದು, ಆರರ ಹೊತ್ತಿಗೆ ಮುಚ್ಚಿದ ಮೇಲೂ ಮೂರು ಗಂಟೆ ಬೆಳಕಿರುತ್ತದೆ. ಪಾರ್ಕು, ನದಿ ದಂಡೆ, ಸೇತುವೆಗಳಿಗೆಲ್ಲ ಆ ಹೊತ್ತು ಸಾಲುತ್ತದೆ, ಅವಕ್ಕೂ ದುಡ್ಡಿಲ್ಲ. ಚಳಿ ಬೆಂಗಳೂರಿನ ಡಿಸೆಂಬರಿಗಿಂತ ಜಾಸ್ತಿಯೇ ಇರುತ್ತದೆ. ಸ್ವೆಟರ್ ಮೇಲೆ ಮಳೆ ತಡೆಯುವ ಜಾಕೆಟ್ ಹಾಕಿಕೊಂಡರೆ ಸಾಕು, ದಪ್ಪ ಕೋಟು ಕೊಳ್ಳುವ ಅಗತ್ಯವಿಲ್ಲ.

ವೀಸಾ ಎಂಬ ಮೊದಲ ಬಿಲ್ಲು

ಬ್ರಿಟನ್ನಿನ ವೀಸಾದಲ್ಲಿ ಕುಟುಂಬಕ್ಕೆಲ್ಲ ಸೇರಿ ಒಂದೇ ಅರ್ಜಿ ಎಂಬುದಿಲ್ಲ. ಅಪ್ಪ, ಅಮ್ಮ, ಎಂಟು ವರ್ಷದ ಮಗು, ಎಪ್ಪತ್ತರ ಅಜ್ಜಿ ಎಲ್ಲರಿಗೂ ಬೇರೆ ಬೇರೆ ಅರ್ಜಿ, ಎಲ್ಲರಿಗೂ ಅದೇ ಶುಲ್ಕ. ಆರು ತಿಂಗಳ ಸಾಮಾನ್ಯ ಸಂದರ್ಶಕ ವೀಸಾಕ್ಕೆ ತಲಾ ಸುಮಾರು 130 ಪೌಂಡ್. ಪೌಂಡಿಗೆ 120 ರೂಪಾಯಿ ಎಂದು ಹಿಡಿದರೆ ನಾಲ್ವರಿಗೆ ಅರವತ್ತು ಸಾವಿರದ ಮೇಲೆ. ಶುಲ್ಕ ಆಗಾಗ ಏರುವುದರಿಂದ ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಅಂದಿನ ದರ ನೋಡಿಕೊಳ್ಳಬೇಕು. ಅರ್ಜಿ ತಿರಸ್ಕೃತವಾದರೆ ಈ ದುಡ್ಡು ವಾಪಸ್ ಬರುವುದಿಲ್ಲ. ಹಾಗಾಗಿ ಉಳಿತಾಯದ ಮೊದಲ ಪಾಠ ಕಾಗದಪತ್ರಗಳನ್ನು ಅಚ್ಚುಕಟ್ಟಾಗಿ ಇಡುವುದು.

ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್, ಸಂಬಳದ ಚೀಟಿ, ಕಚೇರಿಯಿಂದ ರಜೆ ಮಂಜೂರಾದ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಇವೆಲ್ಲ ಒಂದೇ ಕತೆ ಹೇಳಬೇಕು. ಈ ಕುಟುಂಬಕ್ಕೆ ಇಲ್ಲಿ ಕೆಲಸವಿದೆ, ಮನೆಯಿದೆ, ಹೋದವರು ತಿರುಗಿ ಬರುತ್ತಾರೆ ಎಂಬ ಕತೆ. ಅರ್ಜಿಗೆ ಮುಂಚೆ ಯಾರಿಂದಲೋ ಕೈಸಾಲ ತಂದು ಖಾತೆಗೆ ಒಮ್ಮೆಲೇ ನಾಲ್ಕು ಲಕ್ಷ ತುಂಬಿಸಿದರೆ ಅದು ಅನುಕೂಲಕ್ಕಿಂತ ಅನುಮಾನವನ್ನೇ ಹುಟ್ಟಿಸುತ್ತದೆ. ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಇರಲಿ. ಮಗು ಅಪ್ಪ-ಅಮ್ಮನಲ್ಲಿ ಒಬ್ಬರ ಜೊತೆ ಮಾತ್ರ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ.

ಪ್ರಯಾಣಕ್ಕೆ ಮೂರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು, ಫೋಟೊ ಕೊಡಲು ಬೆಂಗಳೂರಿನಲ್ಲೇ ಕೇಂದ್ರವಿದೆ. ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ಕೊನೆ ಗಳಿಗೆಗೆ ಬಿಟ್ಟವರು ತುರ್ತು ಸೇವೆಗೆ ದುಪ್ಪಟ್ಟಿಗೂ ಹೆಚ್ಚು ಕೊಡಬೇಕಾಗುತ್ತದೆ.

'ಅಷ್ಟು ದೂರ ಹೋಗಿ ಪ್ಯಾರಿಸ್ ನೋಡದೆ ಬರುವುದೇ' ಎಂಬ ಆಸೆ ಮನೆಯಲ್ಲಿ ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆ. ಬ್ರಿಟನ್ ಷೆಂಗೆನ್ ಒಕ್ಕೂಟದಲ್ಲಿಲ್ಲ. ಫ್ರಾನ್ಸಿಗೆ ಬೇರೆಯೇ ವೀಸಾ, ದೊಡ್ಡವರಿಗೆ ತಲಾ 90 ಯೂರೊ. ಅದರ ಮೇಲೆ ರೈಲು, ಅದರ ಮೇಲೆ ಇನ್ನೊಂದು ದುಬಾರಿ ಊರಿನ ಹೋಟೆಲು. ಬಜೆಟ್ ಬಿಗಿಯಿದ್ದರೆ ಪ್ಯಾರಿಸ್ಸನ್ನು ಇನ್ನೊಂದು ಸಲಕ್ಕೆ ಬಿಡಿ.

ಕೂತು ಹೋಗುವ ದುಡ್ಡು

ಇಡೀ ಪ್ರವಾಸದಲ್ಲಿ ಅತಿ ದೊಡ್ಡ ಮೊತ್ತ ವಿಮಾನದ್ದು. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನಗಳಿವೆ, ಹತ್ತು-ಹನ್ನೊಂದು ಗಂಟೆಯ ದಾರಿ. ದೋಹಾ, ದುಬೈ, ಅಬುಧಾಬಿ, ಮಸ್ಕತ್ ಮೂಲಕ ಹೋದರೆ ಟಿಕೆಟ್ ಸಾಮಾನ್ಯವಾಗಿ ಅಗ್ಗ. ತಲೆಗೆ ಹತ್ತು ಸಾವಿರ ಉಳಿದರೂ ನಾಲ್ವರಿಗೆ ನಲವತ್ತು ಸಾವಿರವಾಯಿತು, ಅಷ್ಟರಲ್ಲಿ ಅಲ್ಲಿನ ಊಟದ ಖರ್ಚು ಬಹುಪಾಲು ಕಳೆಯುತ್ತದೆ. ಆದರೆ ನಡುವೆ ಇಳಿದು ಕಾಯುವ ಹೊತ್ತು ಎರಡರಿಂದ ನಾಲ್ಕು ಗಂಟೆಯೊಳಗಿರಲಿ. ನಡುರಾತ್ರಿ ಏಳೆಂಟು ಗಂಟೆ ಬೆಂಚಿನ ಮೇಲೆ ಕಳೆದ ಮಗು ಲಂಡನ್ನಿನ ಮೊದಲ ದಿನವನ್ನು ನಿದ್ದೆಯಲ್ಲೇ ಮುಗಿಸುತ್ತದೆ. ಆ ದಿನದ ಕೋಣೆ ಬಾಡಿಗೆ ದಂಡವಾಗುತ್ತದೆ.

ಇಳಿಯುವ ಸಮಯಕ್ಕೂ ಬೆಲೆಯಿದೆ. ಹಗಲಲ್ಲಿ ಇಳಿದರೆ ಹೀಥ್ರೊ ವಿಮಾನ ನಿಲ್ದಾಣದೊಳಗಿಂದಲೇ ಪಿಕಡಿಲಿ ಲೈನಿನ ಟ್ಯೂಬ್ (ಸುರಂಗ ರೈಲು) ಹಿಡಿದು ಸುಮಾರು ಒಂದು ಗಂಟೆಯಲ್ಲಿ ಊರ ನಡುವೆ ಬರಬಹುದು. ಮೂರು ಬಗೆಯ ರೈಲಿನಲ್ಲಿ ಇದೇ ಅಗ್ಗ. 2022ರಲ್ಲಿ ಆರಂಭವಾದ ಎಲಿಜಬೆತ್ ಲೈನ್ ಇನ್ನೂ ಬೇಗ ತಲುಪಿಸುತ್ತದೆ, ದರ ಪಿಕಡಿಲಿಗಿಂತ ಎರಡು ಪಟ್ಟಿನ ಮೇಲೆ. ಆದರೂ ಅಜ್ಜ-ಅಜ್ಜಿ ಜೊತೆಗಿದ್ದರೆ ಅದನ್ನೇ ಹಿಡಿಯಿರಿ. ಅದರ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇಲ್ಲವೇ ಇಳಿಜಾರು ದಾರಿ ಉಂಟು. ಹೀಥ್ರೊ ಎಕ್ಸ್‌ಪ್ರೆಸ್ ಎಲ್ಲಕ್ಕಿಂತ ವೇಗ, ದೊಡ್ಡವರಿಗೆ ಎಲ್ಲಕ್ಕಿಂತ ದುಬಾರಿ. ನಡುರಾತ್ರಿ ಇಳಿದರೆ ಟ್ಯಾಕ್ಸಿ, ಆ ಒಂದು ಪಯಣಕ್ಕೆ ಹತ್ತು ಸಾವಿರ ರೂಪಾಯಿವರೆಗೂ ಹೋಗಬಹುದು.

ನಕ್ಷೆಯ ಮೂರನೇ ಸುತ್ತು

ಲಂಡನ್ನಿನ ಸಾರಿಗೆ ನಕ್ಷೆಯನ್ನು ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ವಲಯಗಳಾಗಿ ವಿಂಗಡಿಸಿದ್ದಾರೆ. ಮೊದಲ ವಲಯದಲ್ಲಿ ಅರಮನೆ, ಪಾರ್ಲಿಮೆಂಟು, ಮ್ಯೂಸಿಯಂಗಳು. ಅಲ್ಲಿ ಕೋಣೆ ಹಿಡಿದರೆ ಕಾಲ್ನಡಿಗೆಯ ಸುಖ, ಜೇಬಿಗೆ ಕತ್ತರಿ. ಆರನೇ ವಲಯದಲ್ಲಿ ಕೋಣೆ ಅಗ್ಗ, ಆದರೆ ದಿನಕ್ಕೆ ಎರಡು ಗಂಟೆ ರೈಲಿನಲ್ಲೇ ಕಳೆಯುತ್ತದೆ. ಕುಟುಂಬಕ್ಕೆ ಹಿತವಾದದ್ದು ಎರಡನೇ, ಮೂರನೇ ವಲಯ. ಸ್ಟ್ರಾಟ್‌ಫರ್ಡ್, ಈಸ್ಟ್ ಹ್ಯಾಮ್, ಟೂಟಿಂಗ್, ಈಲಿಂಗ್ ಕಡೆ ನೋಡಬಹುದು. ಟ್ಯೂಬ್ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರಬೇಕೆಂಬುದನ್ನು ಮಾತ್ರ ಬಿಟ್ಟುಕೊಡಬೇಡಿ.

ಪ್ರೀಮಿಯರ್ ಇನ್, ಟ್ರಾವೆಲ್‌ಲಾಜ್‌ನಂಥ ಅಗ್ಗದ ಸರಣಿ ಹೋಟೆಲುಗಳಲ್ಲಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಮಲಗುವ ಫ್ಯಾಮಿಲಿ ರೂಮ್ ಸಿಗುತ್ತದೆ. ಬೇಗ ಕಾದಿರಿಸಿದಷ್ಟೂ ದರ ಕಡಿಮೆ. ಕೆಲವು ಕಡೆ ದೊಡ್ಡವರೊಬ್ಬರು ತಿಂಡಿಗೆ ದುಡ್ಡು ಕೊಟ್ಟರೆ ಮಕ್ಕಳ ತಿಂಡಿ ಉಚಿತ. ವೈಎಚ್ಎ ಯೂತ್ ಹಾಸ್ಟೆಲುಗಳ ಹೆಸರು ಕೇಳಿ ಹಿಂಜರಿಯಬೇಕಿಲ್ಲ, ಅವುಗಳಲ್ಲೂ ಕುಟುಂಬದ ಕೋಣೆಗಳಿವೆ, ಜೊತೆಗೆ ಎಲ್ಲರೂ ಬಳಸುವ ಅಡುಗೆಮನೆ ಇರುವಂಥವೂ ಇವೆ. ಅಜ್ಜಿ-ತಾತ ಸೇರಿ ಐದಾರು ಮಂದಿಯಾದರೆ ಹೋಟೆಲಿನಲ್ಲಿ ಎರಡು ಕೋಣೆ ಬೇಕು. ಆಗ ಅಡುಗೆಮನೆ ಇರುವ ಬಾಡಿಗೆ ಫ್ಲ್ಯಾಟ್ ಅಗ್ಗವಾಗುತ್ತದೆ.

ನೆಂಟರ ಮನೆ ಇದ್ದವರ ಲೆಕ್ಕ ಬೇರೆ. ರೆಡಿಂಗ್, ಸ್ಲೌ ಕಡೆ ನಮ್ಮವರು ಬಹಳ ಮಂದಿ ಇದ್ದಾರೆ, ಉಳಿಯಲು ಜಾಗ ಕೊಡುವ ಮನಸ್ಸೂ ಇರುತ್ತದೆ. ಆದರೆ ಅಲ್ಲಿಂದ ದಿನಾ ಲಂಡನ್ನಿಗೆ ಹೋಗಿಬರುವ ರೈಲು ದರ ಕಡಿಮೆಯದಲ್ಲ. ಅಣ್ಣನ ಮನೆಯಲ್ಲಿ ಎರಡು ರಾತ್ರಿ ಹರಟೆ ಹೊಡೆದು, ಉಳಿದ ಐದು ರಾತ್ರಿ ಊರೊಳಗೆ ಕೋಣೆ ಹಿಡಿಯುವುದು ಇಬ್ಬರಿಗೂ ನೆಮ್ಮದಿ. ಅಲ್ಲಿ ಅವರಿಗೂ ಬೆಳಗ್ಗೆ ಕೆಲಸವಿರುತ್ತದೆ, ಮನೆಗೆಲಸಕ್ಕೆ ಜನ ಇರುವುದಿಲ್ಲ. ಉಳಿದಷ್ಟು ದಿನ ಪಾತ್ರೆ ತೊಳೆಯುವ ಪಾಳಿಯಲ್ಲಿ ನಿಮ್ಮ ಹೆಸರೂ ಇರಲಿ.

ಕೆಂಪು ಬಸ್ಸಿನ ಮೇಲ್ಮಹಡಿ

1863ರಲ್ಲಿ ಓಡಲು ಶುರುವಾದ ಲಂಡನ್ ಅಂಡರ್‌ಗ್ರೌಂಡ್ ಜಗತ್ತಿನ ಮೊದಲ ಸುರಂಗ ರೈಲು. ಹನ್ನೊಂದು ತುಂಬದ ಮಕ್ಕಳಿಗೆ ಇದು ಉಚಿತ. ಟಿಕೆಟ್ ಇರುವ ಒಬ್ಬ ದೊಡ್ಡವರ ಜೊತೆ ಇಂಥ ನಾಲ್ಕು ಮಕ್ಕಳು ಹೋಗಬಹುದು. ಬಸ್ಸಿನಲ್ಲೂ ಅವರಿಗೆ ದುಡ್ಡಿಲ್ಲ. 11ರಿಂದ 15ರ ಮಕ್ಕಳಿಗೆ ಓಯ್‌ಸ್ಟರ್ ಎಂಬ ಸಾರಿಗೆ ಕಾರ್ಡ್ ಮಾಡಿಸಿ, ಸ್ಟೇಷನ್ ಸಿಬ್ಬಂದಿಗೆ ಹೇಳಿ ಅದರಲ್ಲಿ 'ಯಂಗ್ ವಿಸಿಟರ್' ರಿಯಾಯಿತಿ ಹಾಕಿಸಿಕೊಳ್ಳಬೇಕು. ಹದಿನಾಲ್ಕು ದಿನದವರೆಗೆ ಅರ್ಧ ದರ. ಕೇಳದಿದ್ದರೆ ಅವರಾಗಿ ಹಾಕಿಕೊಡುವುದಿಲ್ಲ.

ದೊಡ್ಡವರು ಕಾರ್ಡ್ ಕೊಳ್ಳಲೇಬೇಕೆಂದಿಲ್ಲ. ಕೈಲಿರುವ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿದರೆ ಸಾಕು. ಎಷ್ಟೇ ಓಡಾಡಿದರೂ ದಿನಕ್ಕೆ ಒಂದು ಮಿತಿಯಾಚೆ ದುಡ್ಡು ಕತ್ತರಿಸುವುದಿಲ್ಲ. ಒಂದು, ಎರಡನೇ ವಲಯದೊಳಗೆ ಆ ಮಿತಿ ಒಂಬತ್ತು ಪೌಂಡಿನ ಆಸುಪಾಸು. ಇಲ್ಲಿ ಎರಡು ಎಚ್ಚರ ಬೇಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್, ದಿನವಿಡೀ ಅದೇ ಕಾರ್ಡ್. ಬೆಳಿಗ್ಗೆ ಕಾರ್ಡು, ಸಂಜೆ ಫೋನು ತಾಗಿಸಿದರೆ ಯಂತ್ರಕ್ಕೆ ಅವರು ಇಬ್ಬರಾಗಿ ಕಾಣುತ್ತಾರೆ, ಮಿತಿ ಲೆಕ್ಕಕ್ಕೆ ಬರುವುದಿಲ್ಲ. ವಿದೇಶದಲ್ಲಿ ಬಳಸಿದ್ದಕ್ಕೆ ನಮ್ಮ ಬ್ಯಾಂಕ್ ಎಷ್ಟು ಮುರಿದುಕೊಳ್ಳುತ್ತದೆ ಎಂಬುದನ್ನು ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಶೇ 3ರ ಮೇಲೂ ಮುರಿಯುವ ಕಾರ್ಡುಗಳಿವೆ, ಏನೂ ಮುರಿಯದವೂ ಇವೆ. ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಕೊಡುವಿರೋ, ಪೌಂಡಿನಲ್ಲೋ' ಎಂದು ಕೇಳಿದರೆ ಪೌಂಡ್ ಎನ್ನಿ. ರೂಪಾಯಿ ಆಯ್ದುಕೊಂಡರೆ ಅವರು ಹಾಕಿದ ವಿನಿಮಯ ದರವೇ ದರ.

ಅವಸರವಿಲ್ಲದ ಹೊತ್ತಿನಲ್ಲಿ ಬಸ್ಸೇ ಮೇಲು. ಒಮ್ಮೆ ತಾಗಿಸಿದರೆ 1.75 ಪೌಂಡ್, ಅಲ್ಲಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಮತ್ತೆ ದುಡ್ಡಿಲ್ಲ. ನಗದು ಯಾರೂ ತೆಗೆದುಕೊಳ್ಳುವುದಿಲ್ಲ. ಪ್ರವಾಸಿ ಬಸ್ಸುಗಳು ತಲೆಗೆ ಸಾವಿರಾರು ರೂಪಾಯಿ ಕೇಳುವ ನೋಟವನ್ನು 15ನೇ ನಂಬರಿನ ಸಾಮಾನ್ಯ ಬಸ್ಸು ಇನ್ನೂರು ರೂಪಾಯಿಗೆ ತೋರಿಸುತ್ತದೆ. ಟ್ರಫಾಲ್ಗರ್ ಚೌಕದ ಬಳಿಯಿಂದ ಹೊರಟು ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ ಕೆಥೆಡ್ರಲ್ ದಾಟಿ ಟವರ್ ಆಫ್ ಲಂಡನ್ ಕಡೆಗೆ. ಮೇಲ್ಮಹಡಿಯ ಮುಂದಿನ ಸೀಟು ಮಕ್ಕಳಿಗೆ ಬಿಡಿ. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದ ಡಬಲ್ ಡೆಕ್ಕರ್ ನೆನಪಿರುವ ತಾತ ಇದ್ದರೆ ಅವರಿಗೂ ಪಾಲು ಕೊಡಿ. ಗ್ರೀನಿಚ್ ಕಡೆಗೆ ಹೋಗುವ ಡಿಎಲ್ಆರ್ ರೈಲಿಗೆ ಚಾಲಕನೇ ಇಲ್ಲ, ಮುಂದಿನ ಕಿಟಕಿ ಪಕ್ಕ ಕೂತ ಮಗುವೇ ಚಾಲಕ.

ನಡೆಯುವುದನ್ನೂ ಮರೆಯಬೇಡಿ. ಲೆಸ್ಟರ್ ಸ್ಕ್ವೇರಿನಿಂದ ಕೋವೆಂಟ್ ಗಾರ್ಡನ್ನಿಗೆ ಟ್ಯೂಬ್ ಹತ್ತುವವರಿದ್ದಾರೆ. ಎರಡು ಸ್ಟೇಷನ್ನುಗಳ ನಡುವೆ ಮುನ್ನೂರು ಮೀಟರೂ ಇಲ್ಲ.

ಅವಲಕ್ಕಿಗೆ ಅಡ್ಡಿಯಿಲ್ಲ, ತುಪ್ಪಕ್ಕೆ ಉಂಟು

ಊಟದ ಖರ್ಚು ಹಿಡಿತ ತಪ್ಪುವುದು ಹಸಿವಾದ ಮೇಲೆ ಅಂಗಡಿ ಹುಡುಕಿದಾಗ. ಪ್ರವಾಸಿ ತಾಣದ ಪಕ್ಕದಲ್ಲಿ ನಾಲ್ವರು ಕೂತು ಉಂಡರೆ ಆರೇಳು ಸಾವಿರ ರೂಪಾಯಿ ಸಲೀಸಾಗಿ ಹೋಗುತ್ತದೆ, ಬಿಲ್ಲಿನಲ್ಲಿ ಶೇ 12.5ರ ಸೇವಾ ಶುಲ್ಕವೂ ಸೇರಿರುತ್ತದೆ. ಅಲ್ಲಿನ ಜನ ಮಧ್ಯಾಹ್ನ ಮಾಡುವುದನ್ನೇ ಮಾಡಿ. ಟೆಸ್ಕೊ, ಸೇನ್ಸ್‌ಬರಿಯಂಥ ಸೂಪರ್‌ಮಾರ್ಕೆಟ್ಟಿಗೆ ಹೋಗಿ 'ಮೀಲ್ ಡೀಲ್' ತೆಗೆದುಕೊಳ್ಳಿ. ಒಂದು ಸ್ಯಾಂಡ್‌ವಿಚ್, ಒಂದು ಕುರುಕಲು, ಒಂದು ಪಾನೀಯ ಸೇರಿ ನಾಲ್ಕೈದು ಪೌಂಡ್. ಪಾರ್ಕಿನ ಹುಲ್ಲಿನ ಮೇಲೆ ಕೂತು ತಿಂದರೆ ಅದೇ ವನಭೋಜನ. ನಮ್ಮ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಅಲ್ಲಿ ವೆಜಿಟೇರಿಯನ್ ಎಂದು ಬರೆದದ್ದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆಯೂ ಬೇಡದವರು ವೀಗನ್ ಎಂಬ ಗುರುತು ನೋಡಿ.

ಸಂಜೆಗೆ ನಮ್ಮ ಊಟ ಬೇಕೆನಿಸಿದರೆ ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿ, ಸೌತಾಲ್‌ಗಳಲ್ಲಿ ದಕ್ಷಿಣ, ಉತ್ತರ ಎರಡೂ ಬಗೆಯ ಭಾರತೀಯ ಹೋಟೆಲುಗಳಿವೆ, ಊರ ನಡುವಿನ ದರಕ್ಕಿಂತ ಕಡಿಮೆಗೆ ದೋಸೆ ಸಿಗುತ್ತದೆ. ಯೂಸ್ಟನ್ ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟ್ ಸಸ್ಯಾಹಾರಿ ಭಾರತೀಯ ಊಟಕ್ಕೆ ಬಹಳ ಹಿಂದಿನಿಂದ ಹೆಸರಾದ ಬೀದಿ, ಬ್ರಿಟಿಷ್ ಮ್ಯೂಸಿಯಮ್ಮಿನಿಂದ ನಡೆದೇ ಹೋಗಬಹುದು.

ಮನೆಯಿಂದ ಗೊಜ್ಜವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ ತೆಗೆದುಕೊಂಡು ಹೋದರೆ ಬೆಳಗಿನ ತಿಂಡಿ ಬಗೆಹರಿಯಿತು, ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಬಹುತೇಕ ಇದ್ದೇ ಇರುತ್ತದೆ. ಆದರೆ ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ, ಖೋವಾ ಮಿಠಾಯಿ ಎಲ್ಲ ಈ ನಿಷೇಧದೊಳಗೆ ಬರುತ್ತವೆ. ಹಸಿ ಸೊಪ್ಪು, ಹಣ್ಣುಗಳಿಗೂ ನಿರ್ಬಂಧಗಳಿವೆ. ಅಕ್ಕನ ಮನೆಗೆಂದು ಕಟ್ಟಿದ ಕರಿಬೇವಿನ ಗಂಟನ್ನು ಇಲ್ಲೇ ಬಿಚ್ಚಿಡಿ. ಹೋಟೆಲ್ ಕೋಣೆಯಲ್ಲಿ ಒಗ್ಗರಣೆ ಹಾಕುವ ಸಾಹಸವೂ ಬೇಡ, ಹೊಗೆ ಪತ್ತೆ ಮಾಡುವ ಅಲಾರಂ ಇಡೀ ಮಹಡಿಯನ್ನೇ ಎಬ್ಬಿಸುತ್ತದೆ.

ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ. ನಲ್ಲಿ ನೀರೇ ಕುಡಿಯುವ ನೀರು. ಮದ್ಯ ಮಾರುವ ಪರವಾನಗಿ ಇರುವ ಯಾವ ಹೋಟೆಲಾದರೂ ಗಿರಾಕಿ ಕೇಳಿದರೆ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕೆಂಬ ಕಾನೂನೇ ಇಂಗ್ಲೆಂಡಿನಲ್ಲಿದೆ.

ದುಡ್ಡಿಲ್ಲದೆ ನೋಡುವ ಲಂಡನ್

ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳ ಶಾಶ್ವತ ಸಂಗ್ರಹಗಳಿಗೆ 2001ರ ಡಿಸೆಂಬರಿನಿಂದ ಪ್ರವೇಶ ಶುಲ್ಕವಿಲ್ಲ. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನಲ್ಲಿ ಇಳಿದರೆ ಒಂದೇ ಬೀದಿಯ ಆಸುಪಾಸಿನಲ್ಲಿ ಮೂರು ದೊಡ್ಡ ಮ್ಯೂಸಿಯಂಗಳು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಹೆಬ್ಬಾಗಿಲ ಹಜಾರದಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತದೆ, ಒಳಗೆ ಡೈನೊಸಾರ್‌ಗಳು. ಪಕ್ಕದ ಸೈನ್ಸ್ ಮ್ಯೂಸಿಯಂ ಎಂಜಿನುಗಳು, ಆಕಾಶನೌಕೆಗಳ ಲೋಕ. ಎದುರಿಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್. ಪ್ರವೇಶ ಉಚಿತವಾದರೂ ಕೆಲವು ಕಡೆ ಸಮಯ ಮುಂಗಡ ಕಾದಿರಿಸುವುದು ಅನುಕೂಲ.

ಬಿಟ್ಟಿ ಎಂದು ಒಂದೇ ದಿನ ಮೂರಕ್ಕೂ ನುಗ್ಗಿದರೆ ಮಕ್ಕಳು ಎರಡನೆಯದರಲ್ಲೇ ಕೂತುಬಿಡುತ್ತವೆ. ಉಚಿತ ಪ್ರವೇಶದ ನಿಜವಾದ ಸುಖ ಅರ್ಧ ನೋಡಿ ಎದ್ದು ಬರುವ ಸ್ವಾತಂತ್ರ್ಯದಲ್ಲಿದೆ. ಕೊಟ್ಟ ದುಡ್ಡಿಗೆ ಮೋಸವಾಯಿತೆಂಬ ಸಂಕಟವಿಲ್ಲ. ಬೆಳಿಗ್ಗೆ ಒಂದು ಮ್ಯೂಸಿಯಂ, ಅದರಲ್ಲೂ ಮಗು ಆಯ್ದುಕೊಂಡ ಎರಡು ಕೋಣೆ, ಮಧ್ಯಾಹ್ನ ಹೈಡ್ ಪಾರ್ಕ್. ಅಲ್ಲಿನ ಮರಗಳಲ್ಲಿ ಕಿರುಚಾಡುವ ಹಸಿರು ಗಿಳಿಗಳನ್ನು ನೋಡಿ ಮಕ್ಕಳು ಬೆರಗಾಗುತ್ತವೆ. ಅವು ನಮ್ಮೂರಿನ ಕೊರಳಗೆರೆಯ ಗಿಳಿಗಳದೇ ಜಾತಿ, ಸಾಕುವವರ ಕೈತಪ್ಪಿ ಲಂಡನ್ನಿನಲ್ಲಿ ವಂಶ ಬೆಳೆಸಿಕೊಂಡಿವೆ. ಸೇಂಟ್ ಜೇಮ್ಸ್ ಪಾರ್ಕಿನ ಕೊಳದ ಹೆಜ್ಜಾರ್ಲೆಗಳ ಕತೆ ಇನ್ನೂ ಹಳೆಯದು. 1664ರಲ್ಲಿ ರಷ್ಯಾದ ರಾಯಭಾರಿ ಕೊಟ್ಟ ಕಾಣಿಕೆಯಿಂದ ಅದು ಶುರುವಾಯಿತು. ಆ ಪಾರ್ಕಿನ ತುದಿಗೇ ಬಕಿಂಗ್‌ಹ್ಯಾಮ್ ಅರಮನೆ. ಕಾವಲುಗಾರರ ಬದಲಾವಣೆ ನೋಡಲು ದುಡ್ಡಿಲ್ಲ, ಯಾವ ದಿನ ಇದೆ ಎಂಬುದನ್ನು ಹಿಂದಿನ ದಿನ ನೋಡಿಕೊಂಡರೆ ಸಾಕು.

ಎತ್ತರದಿಂದ ಊರು ನೋಡುವ ಆಸೆಗೆ ಸ್ಕೈ ಗಾರ್ಡನ್ ಇದೆ. ಫೆಂಚರ್ಚ್ ಸ್ಟ್ರೀಟಿನ ಗಗನಚುಂಬಿಯ ಮೇಲಿನ ಈ ತೋಟಕ್ಕೆ ಟಿಕೆಟ್ ಉಚಿತ, ಆದರೆ ಕೆಲವು ವಾರ ಮುಂಚೆ ಬಿಡುಗಡೆಯಾಗುವ ಹೊತ್ತಿಗೆ ಕಾದು ಹಿಡಿಯಬೇಕು. ಗ್ರೀನಿಚ್‌ಗೆ ಒಂದು ಇಡೀ ದಿನ ಕೊಡಿ. ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಉಚಿತ, ಗುಡ್ಡದ ಮೇಲಿನ ನೋಟ ಉಚಿತ. 1902ರಲ್ಲಿ ತೆರೆದ 370 ಮೀಟರ್ ಉದ್ದದ ಸುರಂಗದಲ್ಲಿ ಥೇಮ್ಸ್ ನದಿಯ ಅಡಿಯಲ್ಲೇ ನಡೆದು ಆಚೆ ದಡ ಸೇರಬಹುದು, ಅದೂ ಉಚಿತ. ಕಿಂಗ್ಸ್ ಕ್ರಾಸ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಒಂಬತ್ತೂಮುಕ್ಕಾಲಿನ ಮುಂದೆ ಫೋಟೊ ತೆಗೆಸಿಕೊಂಡರೆ ಹ್ಯಾರಿ ಪಾಟರ್ ಹಟಕ್ಕೂ ಒಂದಿಷ್ಟು ಸಮಾಧಾನ.

ನಮ್ಮವರ ಗುರುತುಗಳು

ಕನ್ನಡಿಗರು ಬಿಡದೆ ನೋಡಬೇಕಾದ ಒಂದು ಜಾಗವೂ ದುಡ್ಡಿಲ್ಲದ್ದೇ. ಲ್ಯಾಂಬೆತ್ ಸೇತುವೆಯ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಪ್ರಯತ್ನದಿಂದ ಬಂದ ಪ್ರತಿಮೆಯಿದು, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ನದಿಯಾಚೆ ಬ್ರಿಟಿಷ್ ಪಾರ್ಲಿಮೆಂಟು. ಅನುಭವ ಮಂಟಪದ ವಿಷಯ ಮಕ್ಕಳಿಗೆ ಹೇಳಲು ಇದಕ್ಕಿಂತ ತಕ್ಕ ಜಾಗ ಸಿಗಲಿಕ್ಕಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹದಲ್ಲಿದೆ. ಬಿದ್ದ ಯುರೋಪಿಯನ್ ಸಿಪಾಯಿಯ ಮೇಲೆರಗಿದ ಹುಲಿಯ ಹೊಟ್ಟೆಯೊಳಗೆ ವಾದ್ಯದ ಯಂತ್ರವಿದೆ. ಗ್ಯಾಲರಿಗಳ ದುರಸ್ತಿ ಆಗಾಗ ನಡೆಯುವುದರಿಂದ ಆ ದಿನ ಹುಲಿ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೊಂಡು ಹೋಗಿ. ವಿದ್ಯಾರ್ಥಿಯಾಗಿದ್ದಾಗ ಅಂಬೇಡ್ಕರ್ 1921-22ರಲ್ಲಿ ಇದ್ದ ಮನೆ ಕಿಂಗ್ ಹೆನ್ರೀಸ್ ರಸ್ತೆಯಲ್ಲಿ ಸ್ಮಾರಕವಾಗಿದೆ. ಅಲ್ಲಿಂದ ಪ್ರಿಮ್‌ರೋಸ್ ಹಿಲ್ ಎಂಬ ಗುಡ್ಡ ಹತ್ತಿದರೆ ಸಂಜೆಯ ಲಂಡನ್ ಕಣ್ಣೆದುರಿಗೆ ಹರಡಿಕೊಳ್ಳುತ್ತದೆ.

ಎಲ್ಲಿ ದುಡ್ಡು ಬಿಚ್ಚಬೇಕು

ಇಷ್ಟೆಲ್ಲ ಉಚಿತವಿರುವಾಗ ಟಿಕೆಟ್ ಕೊಂಡು ನೋಡುವುದಕ್ಕೆ ಒಂದೆರಡನ್ನು ಆಯ್ದುಕೊಂಡರೆ ಸಾಕು. ಟವರ್ ಆಫ್ ಲಂಡನ್ ಅಂಥದ್ದೊಂದು. ಸುಮಾರು ಸಾವಿರ ವರ್ಷದ ಕೋಟೆ, ಕೊಹಿನೂರ್ ಕೂರಿಸಿದ ಕಿರೀಟ, ಅಲ್ಲಿಯೇ ಸಾಕಿದ ಕಾಗೆ ಜಾತಿಯ ರೇವನ್ ಹಕ್ಕಿಗಳು, ಕೆಂಪಂಚಿನ ಸಮವಸ್ತ್ರದ ಕಾವಲುಗಾರರು ಹೇಳುವ ಕತೆ. ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಸುತ್ತದೆ, ಮಕ್ಕಳಿಗೆ ಅರ್ಧ ದರ. 135 ಮೀಟರ್ ಎತ್ತರದ ಲಂಡನ್ ಐ ಅರ್ಧ ಗಂಟೆಯಲ್ಲಿ ಒಂದು ಸುತ್ತು ಮುಗಿಸುತ್ತದೆ, ಸ್ಕೈ ಗಾರ್ಡನ್ ಸಿಕ್ಕಿದವರು ಅದನ್ನು ಬಿಡಬಹುದು. ವೆಸ್ಟ್‌ಮಿನ್‌ಸ್ಟರ್ ಅಬ್ಬಿ, ಸೇಂಟ್ ಪಾಲ್ ಎರಡಕ್ಕೂ ಪ್ರವಾಸಿ ಟಿಕೆಟ್ ದುಬಾರಿ. ಸಂಜೆಯ ಗಾನಪ್ರಾರ್ಥನೆಗೆ ಯಾರು ಬೇಕಾದರೂ ಉಚಿತವಾಗಿ ಹೋಗಿ ಕೂರಬಹುದು. ಅದು ಪೂಜೆಯ ಹೊತ್ತು, ಅಲ್ಲಿ ಕ್ಯಾಮೆರಾ ತೆಗೆಯಬಾರದು.

ಶಾಪಿಂಗ್ ಆಸೆಯಿದ್ದವರು ತಿಳಿದಿರಬೇಕಾದ ಸಂಗತಿ ಒಂದಿದೆ. ವಿಮಾನ ನಿಲ್ದಾಣದಲ್ಲಿ ಪ್ರವಾಸಿಗರಿಗೆ ತೆರಿಗೆ ಮರಳಿಸುವ ಪದ್ಧತಿಯನ್ನು ಗ್ರೇಟ್ ಬ್ರಿಟನ್ 2021ರಿಂದ ನಿಲ್ಲಿಸಿದೆ. ಆ ನಿರೀಕ್ಷೆಯಲ್ಲಿ ಏನನ್ನೂ ಕೊಳ್ಳಬೇಡಿ. ಪ್ರಯಾಣ ವಿಮೆಯಲ್ಲಿ ಮಾತ್ರ ಜಿಪುಣತನ ಸಲ್ಲದು. ತುರ್ತು ವಿಭಾಗದ ಮೊದಲ ಉಪಚಾರಕ್ಕೆ ಅಲ್ಲಿ ದುಡ್ಡು ಕೇಳದಿದ್ದರೂ ಆಸ್ಪತ್ರೆಗೆ ದಾಖಲಾದರೆ ಪ್ರವಾಸಿಗಳಿಗೆ ದೊಡ್ಡ ಬಿಲ್ಲೇ ಬರುತ್ತದೆ. ಅಲ್ಲಿನ ಸಾಕೆಟ್ಟಿಗೆ ಚೌಕಕಡ್ಡಿಯ ಮೂರು ಪಿನ್ನಿನ ಪ್ಲಗ್ ಬೇಕು, ಅಡಾಪ್ಟರ್ ಇಲ್ಲೇ ಕೊಂಡರೆ ಅಗ್ಗ. ರಸ್ತೆಯಲ್ಲಿ ಫೋನ್ ಕೈಲಿ ಹಿಡಿದು ನಿಂತಾಗ ಎಚ್ಚರವಿರಲಿ, ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುವ ಕಾಟ ಅಲ್ಲಿಯೂ ಇದೆ.

ಒಟ್ಟು ಎಷ್ಟು?

ಇಬ್ಬರು ದೊಡ್ಡವರು, ಎಂಟು ಮತ್ತು ಹದಿಮೂರರ ಇಬ್ಬರು ಮಕ್ಕಳು, ಮೇ ತಿಂಗಳು, ಏಳು ರಾತ್ರಿ. ಪೌಂಡಿಗೆ 120 ರೂಪಾಯಿಯಂತೆ ಒಂದು ಅಂದಾಜು ಹೀಗಿದೆ:

ವಿಮಾನ, ತಲಾ 65 ಸಾವಿರದಂತೆ: 2,60,000
ವೀಸಾ ಮತ್ತು ಸೇವಾ ವೆಚ್ಚ: 65,000
ಕೋಣೆ, ರಾತ್ರಿಗೆ 120 ಪೌಂಡಿನಂತೆ: 1,01,000
ಊರೊಳಗಿನ ಓಡಾಟ: 18,000
ಊಟ, ತಿಂಡಿ: 48,000
ಪ್ರವೇಶ ಟಿಕೆಟ್ಟುಗಳು: 24,000
ವಿಮೆ, ಫೋನು, ಸಣ್ಣಪುಟ್ಟ ಖರ್ಚು: 30,000

ಒಟ್ಟು 5,46,000 ರೂಪಾಯಿ. ಮೊದಲ ಮೂರು ಸಾಲು ಕೂಡಿಸಿ ನೋಡಿ, 4,26,000. ಅಂದರೆ ಮುಕ್ಕಾಲು ಪಾಲಿಗೂ ಹೆಚ್ಚು ದುಡ್ಡು ಲಂಡನ್ನಿನ ನೆಲ ಮುಟ್ಟುವ ಮೊದಲೇ ನಿಗದಿಯಾಗಿರುತ್ತದೆ. ಅಲ್ಲಿಗೆ ಹೋದಮೇಲೆ ಎಷ್ಟೇ ಕೈ ಬಿಗಿಹಿಡಿದರೂ ಉಳಿಯುವುದು ಹದಿನೈದು, ಇಪ್ಪತ್ತು ಸಾವಿರ. ವಾರವನ್ನು ಸರಿಯಾಗಿ ಆಯ್ದುಕೊಂಡು ಟಿಕೆಟ್ಟನ್ನು ಮೂರು ನಾಲ್ಕು ತಿಂಗಳು ಮುಂಚೆ ತೆಗೆದರೆ ಉಳಿಯುವುದು ಅದರ ಎಷ್ಟೋ ಪಟ್ಟು. ಅದೇ ಪ್ರವಾಸವನ್ನು ಆಗಸ್ಟಿನಲ್ಲಿ, ಕೊನೆ ಗಳಿಗೆಯ ಟಿಕೆಟ್ಟಿನಲ್ಲಿ, ಊರ ನಡುವಿನ ಹೋಟೆಲಿನಲ್ಲಿ ಮಾಡಿದರೆ ಈ ಮೊತ್ತ ಲಕ್ಷಗಳಲ್ಲಿ ಏರುತ್ತದೆ.

ಐದೂವರೆ ಲಕ್ಷ ಸಣ್ಣ ದುಡ್ಡಲ್ಲ. ಸಾಲ ಮಾಡಿ ಹೋಗುವ ಪ್ರವಾಸವೂ ಇದಲ್ಲ. ಎರಡು ವರ್ಷ ಮೊದಲೇ ತಿಂಗಳಿಗೆ ಇಪ್ಪತ್ತಮೂರು ಸಾವಿರದಂತೆ ಆರ್‌ಡಿ ಕಟ್ಟುತ್ತ ಬಂದರೆ ಹೊರಡುವ ಹೊತ್ತಿಗೆ ಮೊತ್ತ ಸಿದ್ಧವಿರುತ್ತದೆ, ವೀಸಾ ಅಧಿಕಾರಿಗೆ ತೋರಿಸಲು ಒಳ್ಳೆಯ ದಾಖಲೆಯೂ ಆಗುತ್ತದೆ. ಅಷ್ಟು ಆಗದವರು ಮೂರು ವರ್ಷ ಕಾಯಲಿ, ಆ ಮ್ಯೂಸಿಯಂಗಳು ಎಲ್ಲಿಗೂ ಹೋಗುವುದಿಲ್ಲ. ಮೊದಲು ಮನೆಮಂದಿಯೆಲ್ಲ ಕೂತು ಎರಡು ದೇಶಗಳ ಶಾಲಾ ಕ್ಯಾಲೆಂಡರುಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ, ದಿನಾಂಕ ಗೊತ್ತುಮಾಡಿ. ಉಳಿದ ಲೆಕ್ಕವೆಲ್ಲ ಅದರ ಹಿಂದೆ ಬರುತ್ತದೆ.